ಹೊಲಿಗೆಯ ಒಳಗೆ ಬಟ್ಟೆಯೇ ಇಲ್ಲ

ಪುಟ್ಟಿ,

ನೀನು ಕಳಿಸಿದ ಪಾರ್ಸೆಲ್ ತಲುಪಿತು. ನಾಲ್ಕು ಕುರ್ತಿ, ಜೊತೆಗೆ ಒಂದು ಚೀಟಿ: 'ಎದೆ ಹತ್ರ ಬಿಗಿ ಆಗಿವೆ, ಸ್ವಲ್ಪ ಬಿಡಿಸಿಕೊಡಮ್ಮ.' ಒಂದೊಂದನ್ನೂ ಒಳಮಗ್ಗುಲು ತಿರುಗಿಸಿ ನೋಡಿದೆ. ಬಿಡಿಸೋಕೆ ಒಳಗೆ ಬಟ್ಟೆಯೇ ಇಲ್ಲ ಕಣೇ. ಕಾಲಿಂಚು ಇದ್ದರೆ ಹೆಚ್ಚು. ಓವರ್‌ಲಾಕ್ ಮೆಷಿನ್ನಿನೊಳಗೆ ಒಂದು ಬ್ಲೇಡು ಇರುತ್ತದೆ. ಅಂಚು ಹೊಲಿಯುತ್ತಾ ಹೊಲಿಯುತ್ತಾನೇ ಮಿಕ್ಕಿದ್ದನ್ನು ಕತ್ತರಿಸಿ ಹಾಕುತ್ತದೆ. ಎರಡಕ್ಕೆ ಪಕ್ಕೆಯಲ್ಲಿ ಬೇರೆ ಬಟ್ಟೆಯ ಪಟ್ಟಿ ಕೊಟ್ಟಿದ್ದೀನಿ. ಉಳಿದೆರಡು ನನ್ನ ಕೈಲಾಗಲ್ಲ, ಸೂಜಿ ಹಾಕಿದ ಕಡೆಯೆಲ್ಲ ಪಿಸಿಯುತ್ತವೆ.

ನಿನ್ನ ಹಳೇ ರೇಷ್ಮೆ ಲಂಗ ಇನ್ನೂ ಟ್ರಂಕಿನಲ್ಲಿದೆ. ಕೆಳಗಂಚಿನ ಹತ್ತಿರ ಮೂರು ಗೆರೆ ಕಾಣುತ್ತವೆ. ಅವು ಮಡಿಕೆ ಬಿಚ್ಚಿದ ಗುರುತು. ನೀನು ಉದ್ದ ಆದ ಹಾಗೆಲ್ಲ ಒಂದೊಂದು ಬಿಚ್ಚಿದ್ದು. ಒಳಗಿದ್ದ ಬಟ್ಟೆಗೆ ಬಿಸಿಲು ತಗಲಿರಲಿಲ್ಲವಲ್ಲ, ಅಲ್ಲಿ ಬಣ್ಣ ಇನ್ನೂ ಗಾಢವಾಗಿದೆ. ನಿನಗೆ ಗಿಡ್ಡ ಆದ ಮೇಲೆ ಅದನ್ನು ನಿನ್ನ ಚಿಕ್ಕಮ್ಮನ ಮಗಳು ಉಟ್ಟಳು. ಅವಳು ಸಣಕಲಿ, ಸೊಂಟ ಹಿಡಿದುಕೊಟ್ಟೆ. ನಾವು ಹೊಲಿಯುವವರು ಒಳಗೆ ಒಂದಿಂಚು ಬಿಡುವುದು ಸುಮ್ನೆ ಅಲ್ಲ. ಮಗು ಬೆಳೆಯುತ್ತದೆ, ಹೆಣ್ಣುಮಕ್ಕಳು ಬಸುರಿ ಆಗುತ್ತಾರೆ, ಬಾಣಂತನದಲ್ಲಿ ಮೈ ಬರುತ್ತದೆ. ಇನ್ನೊಬ್ಬರು ಹಾಕಿಕೊಳ್ಳುವುದೂ ಉಂಟು. ಅದೆಲ್ಲ ಲೆಕ್ಕದಲ್ಲಿ ಇಟ್ಟುಕೊಂಡೇ ಕತ್ತರಿ ಹಾಕುವುದು.

ನಿನ್ನ ಕುರ್ತಿ ಕತ್ತರಿಸಿದವರ ಲೆಕ್ಕ ಬೇರೆ. ಲಕ್ಷಗಟ್ಟಲೆ ಪೀಸು ಕತ್ತರಿಸುವ ಕಡೆ ಒಂದೊಂದರಲ್ಲಿ ಮುಕ್ಕಾಲು ಇಂಚು ಉಳಿಸಿದರೆ ಎಷ್ಟು ಥಾನು ಬಟ್ಟೆ ಉಳಿಯಿತು ಹೇಳು! ಬಿಗಿ ಆದರೆ ನೀನು ಹೊಸದು ತಗೋತೀಯ ಅಂತ ಅವರಿಗೆ ಗೊತ್ತು. ನನ್ನ ಹೊಲಿಗೆ ಅಂಗಡಿಗೆ ಬರುವವರೂ ಹಾಗೇ ಆಗಿದ್ದಾರೆ. '₹399ರ ಕುರ್ತಿಗೆ ಆಲ್ಟರೇಷನ್‌ಗೇ ನೂರು ರೂಪಾಯಾ ಆಂಟಿ?' ಅಂತಾರೆ. ಅವರು ಕೇಳೋದರಲ್ಲೂ ನ್ಯಾಯ ಇದೆ. ಆದರೆ ಆ ₹399ರಲ್ಲಿ ಬಟ್ಟೆಯ ದುಡ್ಡು, ಆ್ಯಪ್‌ನವರ ಕಮಿಷನ್ನು, ಕೊರಿಯರ್ರು, ಜಾಹೀರಾತು ಎಲ್ಲ ಕಳೆದು ಹೊಲಿದವಳ ಕೈಗೆ ಏನು ಬಂದೀತು? ನಾನು ಮೆಷಿನ್ ತುಳಿದವಳು, ನನಗೆ ಮೊದಲು ಬರುವ ಯೋಚನೆ ಅದೇ.

ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಸುತ್ತಲ ಊರಿನ ಹತ್ತಿ ಇಲ್ಲಿಗೆ ಬರುತ್ತಿತ್ತು. ನೂಲು, ಬಟ್ಟೆ ಎಲ್ಲ ಇಲ್ಲೇ. ಬಟ್ಟೆ ಮಾಡುವವರ ಮನೆ ಯಾವ ಬೀದಿಯಲ್ಲಿದೆ ಅಂತ ಊರಿಗೇ ಗೊತ್ತಿತ್ತು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ನನ್ನ ಹತ್ತಿರ ಕಾಜಾ ಹಾಕುವುದು ಕಲಿತ ಹುಡುಗಿಯೊಬ್ಬಳು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದಳು. ಅಲ್ಲಿ ಅವಳಿಗೆ ದಿನವಿಡೀ ಕಾಲರ್ ಹೊಲಿಯುವುದೊಂದೇ ಕೆಲಸ. ತೋಳು ಇನ್ಯಾರದೋ, ಗುಂಡಿ ಇನ್ಯಾರದೋ. ಪೂರ್ತಿ ಅಂಗಿ ಹೊಲಿಯೋದೇ ಮರೆತುಹೋಗಿದೆ ಅಕ್ಕಾ ಅಂತಾಳೆ. ಪಿಎಫ್ ದುಡ್ಡನ್ನು ವಯಸ್ಸಾಗುವ ತನಕ ಪೂರ್ತಿ ತೆಗೆಯುವ ಹಾಗಿಲ್ಲ ಅಂತ ನಿಯಮ ಬಂದಾಗ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಳಿಗೆ ಇಳಿದು ಬಸ್ಸು ನಿಲ್ಲಿಸಿದ್ದು ಇಂಥ ಹೆಂಗಸರೇ. ಸರ್ಕಾರ ನಿಯಮ ವಾಪಸ್ ತಗೊಂಡಿತು. ಬಾಂಗ್ಲಾದೇಶದಲ್ಲಿ ಅಷ್ಟು ಅದೃಷ್ಟ ಇರಲಿಲ್ಲ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ಗಾರ್ಮೆಂಟ್ಸ್ ಫ್ಯಾಕ್ಟರಿಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಜಾಸ್ತಿ ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಒಳಗೆ ಹೋಗಲ್ಲ ಅಂದವರನ್ನೂ ಕೆಲಸಕ್ಕೆ ಕೂರಿಸಿದ್ದರು. ಹೊರದೇಶದ ಆರ್ಡರ್ ತಡ ಆಗಬಾರದಲ್ಲ.

ರೆಡಿಮೇಡ್ ಬಂದದ್ದೇ ಕೆಟ್ಟದ್ದು ಅಂತ ನಾನು ಹೇಳಲ್ಲ. ಹರಿದ ಚಡ್ಡಿಯಲ್ಲಿ ಶಾಲೆಗೆ ಬರುತ್ತಿದ್ದ ಮಕ್ಕಳನ್ನು ನೋಡಿದ್ದೀನಿ. ಈಗ ಬಡವರ ಮನೆಯಲ್ಲೂ ಹಬ್ಬಕ್ಕೆ ಹೊಸಬಟ್ಟೆ ಇದೆ, ಅದು ಸಣ್ಣ ಮಾತಲ್ಲ. ಜೊತೆಗೆ ನಮ್ಮ ಟೈಲರ್‌ಗಳ 'ನಾಳೆ ಬಾ' ಕೇಳಿ ಕೇಳಿ ಜನಕ್ಕೂ ಸಾಕಾಗಿತ್ತು ಅನ್ನು. ಗೌರಿ ಹಬ್ಬದ ಬ್ಲೌಸು ದಸರಾಕ್ಕೆ ಕೊಟ್ಟರೆ ಯಾರು ತಡೀತಾರೆ?

ನನಗೆ ತಲೆ ಕೆಡೋದು ಬೇರೆಯದಕ್ಕೆ. ಮೊದಲು ಬೇಕಾದಾಗ ಬಟ್ಟೆ ತರುತ್ತಿದ್ದೆವು. ಈಗ ಬೇಜಾರಾದಾಗ ತರುತ್ತೀರಿ. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ಬೆರಳಲ್ಲಿ ಫೋನು ಉಜ್ಜೋದು, 'ಇನ್ನು ಎರಡೇ ಉಳಿದಿವೆ' ಅಂತ ಆ್ಯಪ್ ಹೆದರಿಸೋದು, ನೀವು ಒತ್ತೋದು. ಹೀಗೆ ಸುಳ್ಳು ಆತುರ ಹುಟ್ಟಿಸುವುದು, ಬೇಡ ಅಂದವರಿಗೆ ನಾಚಿಕೆ ಆಗೋ ಹಾಗೆ ಬರೆಯುವುದು, ಇಂಥ 13 ಚಾಲಾಕಿಗಳನ್ನು ಪಟ್ಟಿ ಮಾಡಿ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲೇ ನಿಷೇಧಿಸಿದೆಯಂತೆ. ನಿನ್ನ ಫೋನಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ ಅಂತ ಕಾಣುತ್ತೆ.

ಹಳೇ ಸೀರೆಗಳನ್ನು ಜೋಡಿಸಿ ಅಜ್ಜಿ ಹೊದಿಯೋಕೆ ಕೌದಿ ಹೊಲಿಯುತ್ತಿದ್ದರು. ಅಕ್ಕಪಕ್ಕದ ಹೆಂಗಸರೂ ಬಂದು ಒಂದೊಂದು ಮೂಲೆ ಹಿಡಿದು ಕೂರುತ್ತಿದ್ದರು. ಇದು ನಿನ್ನ ನಾಮಕರಣದ್ದು, ಇದು ಮಾವನ ಪಂಚೆ ಅಂತ ತುಂಡು ತುಂಡಿಗೂ ಗುರುತು. ಈ ಪಾಲಿಯೆಸ್ಟರ್ ಕುರ್ತಿಯಲ್ಲಿ ಕೌದಿ ಮಾಡಿದರೆ ಬೆವರು ಹೀರಲ್ಲ, ಒರೆಸೋ ಬಟ್ಟೆಗೂ ಆಗಲ್ಲ. ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಕೂಡ ಇದನ್ನು ಮುಟ್ಟಿ ನೋಡಿ ಪಕ್ಕಕ್ಕೆ ಇಡುತ್ತಾಳೆ. ಮಣ್ಣಿಗೆ ಹಾಕಿದರೆ ಕರಗಲ್ಲ, ಅದು ಪ್ಲಾಸ್ಟಿಕ್ಕೇ ತಾನೇ? ಮಾಡಿರೋದು ಪೆಟ್ರೋಲಿಯಂನಿಂದ.

ಇನ್ನು ನಿನ್ನ ಚಿಕ್ಕಪ್ಪನ ಮಗಳ ಮದುವೆ. ಅರಿಶಿನಕ್ಕೆ ಎಲ್ಲರಿಗೂ ಒಂದೇ ಥರದ ಹಳದಿ ಡ್ರೆಸ್ ಆರ್ಡರ್ ಮಾಡ್ತಿದ್ದೀನಿ ಅಂದೆಯಲ್ಲ. ಅರಿಶಿನ ಹಚ್ಚುವ ದಿನ ಮನೆಯಲ್ಲಿ ಇರೋದರಲ್ಲೇ ಹಳೇ ಸೀರೆ ಹುಡುಕಿ ಉಡುತ್ತಿದ್ದೆವು ಕಣೇ. ಕಲೆ ಹೋಗಲ್ಲ ಅಂತ. ಎಣ್ಣೆ, ಅರಿಶಿನ, ನೀರು, ಅತ್ತಿಗೆ ನಾದಿನಿಯರ ಗಲಾಟೆ, ಬಟ್ಟೆ ಹಾಳಾಗೋದೇ ಅಲ್ಲಿ ಮಜಾ. ಈಗ ಬಟ್ಟೆ ಹಾಳಾಗಬಾರದು ಅಂತ ಕೆನ್ನೆಗೆ ಒಂದು ಬೊಟ್ಟು ಅರಿಶಿನ ಮುಟ್ಟಿಸಿ ಫೋಟೋಗೆ ನಿಲ್ಲೋದು. ಆ ಡ್ರೆಸ್ಸನ್ನು ಮತ್ತೆ ಇನ್ಯಾವ ದಿನ ಹಾಕ್ಕೋತೀರಿ? ನನಗೊಂದು ಆರ್ಡರ್ ಮಾಡಬೇಡ. ನಾನು ಹಳೇ ಹಸಿರು ಸೀರೆಯೇ ಉಡೋದು. ಬಣ್ಣ ಹೊಂದಲ್ಲ ಅಂದರೆ ಹಿಂದಿನ ಸಾಲಲ್ಲಿ ನಿಲ್ಲಿಸಿ.

ಧಾರೆ ದಿನಕ್ಕೆ ನನ್ನ ಇಳಕಲ್ ಸೀರೆ ನೀನು ಉಡುತ್ತೀಯ ಅಂದರೆ ಅದರ ಬ್ಲೌಸು ನಾನು ಹೊಲೀತೀನಿ. ಅಳತೆ ಬ್ಲೌಸ್ ಬೇಗ ಕಳಿಸು. ಮದುವೆ ತಿಂಗಳು, ಅಂಗಡಿ ತುಂಬ ಕೆಲಸ. ಕೊನೇ ವಾರದಲ್ಲಿ ಕೇಳಿದರೆ ಮಗಳು ಅಂತಲೂ ನೋಡಲ್ಲ, ನಿನಗೂ 'ನಾಳೆ ಬಾ' ಅಂತಲೇ ಹೇಳೋದು.

ನಿನ್ನ,
ಅಮ್ಮ