‘ಹೋಗ್ಲಿ ಬಿಡಿ’ ಅನ್ನಬೇಡ ಪುಟ್ಟಿ

ಡೊಂಬಿವಲಿ,
ಭಾನುವಾರ

ಪ್ರೀತಿಯ ಪುಟ್ಟಿ,

ಇಟಲಿಯ ಮಿಲಾನೋದಲ್ಲಿ ನಿನಗೆ ಓದಲು ಸೀಟು ಸಿಕ್ಕಿದ ಸುದ್ದಿ ಕೇಳಿ ನಿನ್ನ ಅತ್ತೆ ಆಗಲೇ ಚಟ್ನಿಪುಡಿಗೆ ಬೇಳೆ ಹುರಿಯುತ್ತಿದ್ದಾಳೆ. ನನಗೆ ಬೇರೆ ಒಂದು ಮಾತು ಹೇಳುವುದಿದೆ. ನಿನ್ನ ಅಮ್ಮನ ಎದುರು ಹೇಳಿದರೆ ಅವಳು ಸುಮ್ನೆ ನಿದ್ದೆಗೆಡುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ದಾದರ್‌ನಲ್ಲಿ ಲೋಕಲ್ ಹತ್ತುವಾಗ ನಿನ್ನ ಮೊಬೈಲ್ ಹೋಯಿತಲ್ವಾ? ರೈಲ್ವೆ ಪೊಲೀಸರ ಹತ್ತಿರ ಹೋಗೋಣ ಬಾ ಅಂತ ನಾನು ಕರೆದರೆ, ನೀನು “ಹೋಗ್ಲಿ ಬಿಡಿ ಮಾವ, ಯಾರು ಅಲೀತಾರೆ” ಅಂದುಬಿಟ್ಟೆ. ಮನೆ ಇಲ್ಲೇ ಇತ್ತು, ನಾವೆಲ್ಲ ಇದ್ದೆವು, ನಡೆಯಿತು. ಅಲ್ಲಿ ಅದು ನಡೆಯುವುದಿಲ್ಲ.

ನಾನು ಅನುಭವಿಸಿದ್ದೇನೆ. 1994ರಲ್ಲಿ ಇಟಲಿಯ ಒಂದು ಬಂದರಿನಲ್ಲಿ ನಮ್ಮ ಹಡಗು ನಿಂತಿತ್ತು. ಸಂಜೆ ಪೇಟೆಗೆ ಹೋದೆ. ಬಸ್ಸಿನಲ್ಲಿ ನೂಕುನುಗ್ಗಲು. ಇಳಿದು ನೋಡಿದರೆ ಹೆಗಲ ಮೇಲೆ ಬ್ಯಾಗಿನ ಪಟ್ಟಿ ಮಾತ್ರ ಇತ್ತು. ಬ್ಲೇಡಿನಲ್ಲಿ ಎಷ್ಟು ನಯವಾಗಿ ಕೊಯ್ದಿದ್ದರೆಂದರೆ ಒಂದು ನೂಲೂ ಎದ್ದಿರಲಿಲ್ಲ. ಪಾಸ್‌ಪೋರ್ಟ್, ಹಡಗಿನವರ ಕೆಲಸದ ದಾಖಲೆಯಾದ ಸಿಡಿಸಿ ಪುಸ್ತಕ, ಸಂಬಳ ಎಲ್ಲ ಅದರಲ್ಲೇ. ನಾಚಿಕೆಯಿಂದ ಎರಡು ದಿನ ಯಾರಿಗೂ ಬಾಯಿ ಬಿಡಲಿಲ್ಲ. ಮೂರನೆಯ ದಿನ ನಮ್ಮ ದೇಶದ ಕಚೇರಿಗೆ ಹೋದರೆ ಅಲ್ಲಿದ್ದವರು ಮೊದಲು ಕೇಳಿದ್ದು, “ಪೊಲೀಸ್ ಕಂಪ್ಲೇಂಟ್ ಎಲ್ಲಿ?” ನನ್ನ ಹತ್ತಿರ ಇರಲಿಲ್ಲ. ಠಾಣೆ ಹುಡುಕಿ, ಬರೆಸಿ, ವಾಪಸ್ ಬರುವಷ್ಟರಲ್ಲಿ ಹಡಗು ಹೊರಟುಹೋಗಿತ್ತು. ಆದರೂ ಆ ಪುಣ್ಯಾತ್ಮರು ಕುರ್ಚಿ ಕೊಟ್ಟು, ಊಟ ಆಯ್ತಾ ಅಂತ ಕೇಳಿ, ಊರಿಗೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್ ಮಾಡಿಸಿಕೊಟ್ಟರು.

ಆ ಸರ್ಟಿಫಿಕೇಟ್ ಭಾರತಕ್ಕೆ ಬರಲು ಮಾತ್ರ, ಒಂದೇ ಕಡೆಯ ಪ್ರಯಾಣಕ್ಕೆ. ನಿನಗೆ ಅಲ್ಲೇ ಇದ್ದು ಓದಬೇಕಲ್ಲ, ಹಾಗಾಗಿ ಪಾಸ್‌ಪೋರ್ಟ್ ಕಳುವಾದರೆ ಹೊಸದಕ್ಕೇ ಅರ್ಜಿ ಹಾಕು. ಮಿಲಾನೋದಲ್ಲೇ ನಮ್ಮ ಕಾನ್ಸುಲೇಟ್, ಅಂದರೆ ನಮ್ಮ ದೇಶದ ಕಚೇರಿ ಇದೆ, ರಾಯಭಾರ ಕಚೇರಿಗೆ ಅಂತ ರೋಮ್‌ವರೆಗೆ ಹೋಗಬೇಕಿಲ್ಲ. ಆದರೆ ಮೊದಲು ಪೊಲೀಸ್. ತುರ್ತಿಗೆ 112. ದೂರಿಗೆ ಅಲ್ಲಿನವರು ‘ದೆನುಂಚಾ’ ಅನ್ನುತ್ತಾರೆ. ಅದರ ಪ್ರತಿ ಕೈಗೆ ಬರುವವರೆಗೆ ಠಾಣೆಯಿಂದ ಏಳಬೇಡ. ಭಾಷೆ ಬರಲ್ಲ ಅಂತ ಹಿಂಜರಿಯಬೇಡ. ತಿಳಿಯುವ ಭಾಷೆಯಲ್ಲಿ ದೂರು ಕೊಡಲು ನೆರವು ಸಿಗಬೇಕು, ದೂರು ಬಂದಿದೆ ಅಂತ ಬರಹದಲ್ಲಿ ಕೊಡಬೇಕು ಅಂತ ಯುರೋಪಿಯನ್ ಒಕ್ಕೂಟ 2012ರಲ್ಲೇ ನಿಯಮ ಮಾಡಿದೆ. ಹೊರದೇಶದವರಿಗೂ ಅದು ಅನ್ವಯಿಸುತ್ತದೆ.

ಇನ್ನೊಂದು ಮಾತು. ಬರೆಯಲು ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ. ಯಾರಾದರೂ ಮೈಮೇಲೆ ಕೈ ಹಾಕಿದರೆ, ಹೊಡೆದರೆ, ಬೆನ್ನು ಹತ್ತಿ ಕಾಡಿದರೆ, ತಪ್ಪು ನಿನ್ನದಲ್ಲ. ಆ ಹೊತ್ತಿಗೆ ಯಾಕೆ ಹೊರಗಿದ್ದೆ ಅಂತ ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ, ಕೇಳಲು ನಾನು ಬಿಡುವುದಿಲ್ಲ. ಪೆಟ್ಟಾಗಿದ್ದರೆ ನೇರ ಆಸ್ಪತ್ರೆಯ ‘ಪ್ರೊಂತೊ ಸೊಕ್ಕೊರ್ಸೊ’ಗೆ ಹೋಗು, ಅದೇ ಅಲ್ಲಿನ ಎಮರ್ಜೆನ್ಸಿ ವಾರ್ಡು. ಬಟ್ಟೆ ಒಗೆಯಬೇಡ, ಹಾಗೇ ಚೀಲದಲ್ಲಿಡು. ಹೆಂಗಸರಿಗಾಗಿಯೇ 1522 ಅಂತ ನಂಬರ್ ಇದೆ, 24 ಗಂಟೆಯೂ ಪುಕ್ಕಟೆ.

ಕಾನ್ಸುಲೇಟ್‌ನವರಿಂದ ಏನು ಕೇಳಬಹುದು ಅಂತಲೂ ತಿಳಿದುಕೋ. ಅವರು ಪೊಲೀಸರಲ್ಲ. ತನಿಖೆ ಮಾಡಲಾರರು, ಕೋರ್ಟಿಗೆ ಹೀಗೆ ಮಾಡಿ ಅನ್ನಲಾರರು, ನಿನ್ನ ಪರ ವಾದಿಸುವುದೂ ಇಲ್ಲ. ಆದರೆ ವಕೀಲರ ಪಟ್ಟಿ ಕೊಡುತ್ತಾರೆ, ಕೇಸು ಎಲ್ಲಿಗೆ ಬಂತು ಅಂತ ಪೊಲೀಸರನ್ನು ವಿಚಾರಿಸುತ್ತಾರೆ, ನೀನು ಹೇಳಿದರೆ ನಮಗೆ ಸುದ್ದಿ ಮುಟ್ಟಿಸುತ್ತಾರೆ. ತೀರಾ ಕೈ ಖಾಲಿಯಾದವರ ಊಟ, ವಸತಿ, ಆಸ್ಪತ್ರೆ, ಟಿಕೆಟ್‌ಗೆ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಅವರ ಸ್ಥಿತಿ ನೋಡಿಯೇ ಕೊಡುವುದು, ಆದರೂ ಕೇಳುವುದಕ್ಕೆ ಸಂಕೋಚ ಬೇಡ. ಕಚೇರಿಯಲ್ಲಿ ಉತ್ತರ ಸಿಗದಿದ್ದರೆ ‘ಮದದ್’ ಪೋರ್ಟಲ್‌ನಲ್ಲಿ ದೂರು ಹಾಕು. ವಿದೇಶಾಂಗ ಇಲಾಖೆ 2015ರಲ್ಲಿ ಶುರು ಮಾಡಿದ್ದು ಇದಕ್ಕೇ.

ಹಾಂ, ಕಾನ್ಸುಲೇಟ್‌ನಿಂದ ಅಂತ ಫೋನ್ ಮಾಡಿ, ನಿನ್ನ ದಾಖಲೆಯಲ್ಲಿ ತಪ್ಪಿದೆ, ಈಗಲೇ ದುಡ್ಡು ಹಾಕು ಅನ್ನುವವರು ಜಾಸ್ತಿಯಾಗಿದ್ದಾರೆ. ಫೋನ್ ಇಟ್ಟುಬಿಡು. ವೆಬ್‌ಸೈಟ್ ನೋಡಿ ನೀನೇ ಅಲ್ಲಿಗೆ ಫೋನ್ ಮಾಡು. ಆ ನಂಬರನ್ನು ಮೊಬೈಲಿನಲ್ಲಿ ಮಾತ್ರ ಇಟ್ಟರೆ ಸಾಲದು, ಮೊಬೈಲೇ ಹೋದರೆ? ಒಂದು ಚೀಟಿಯಲ್ಲಿ ಬರೆದು ಬಟ್ಟೆಯ ಪೆಟ್ಟಿಗೆಯಲ್ಲೂ ಇಡು.

ನನಗೆ ಯಾವ ಹೊತ್ತಿಗಾದರೂ ಫೋನ್ ಮಾಡು. ಇಲ್ಲಿ ನಡುರಾತ್ರಿಯಾಗಿದ್ದರೂ ಪರವಾಗಿಲ್ಲ, ಹಡಗಿನಲ್ಲಿ ದುಡಿದವನಿಗೆ ರಾತ್ರಿ ಎದ್ದು ಅಭ್ಯಾಸವಿದೆ.

ಶನಿವಾರ ಊಟಕ್ಕೆ ಬಾ. ಪಾಸ್‌ಪೋರ್ಟ್, ವೀಸಾ ಝೆರಾಕ್ಸ್ ಎರಡು ಸೆಟ್ ಮಾಡಿಸಿ ತಾ. ಒಂದು ನನ್ನ ಕಪಾಟಿನಲ್ಲಿರಲಿ.

ನಿನ್ನ
ಮಾವ