ರಕ್ತ ತೆಳುಗೊಳಿಸುವ ಮಾತ್ರೆ ಬಿಡುವ ಮೊದಲು ಕಿವಿ ತೋರಿಸಿ

ಮಾನ್ಯ ಸಂಪಾದಕರೇ,

ಹೃದಯದ ಕವಾಟ ಬದಲಿಸಿಕೊಂಡವರು, ಎದೆಬಡಿತದ ಲಯ ತಪ್ಪಿದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿಕೊಂಡವರು ಸೇವಿಸುವ ರಕ್ತ ತೆಳುಗೊಳಿಸುವ ಮಾತ್ರೆಗಳ ವಿಚಾರವಾಗಿ ನಮ್ಮ ಸಿಂಧನೂರು ಭಾಗದಲ್ಲಿ ಒಂದು ಮಾತು ಬಾಯಿಂದ ಬಾಯಿಗೆ ಹರಡುತ್ತಿದೆ. ‘ಆ ಗುಳಿಗಿ ನುಂಗಿದ್ರ ಕಿವಿ ಬ್ಯಾನಿ ಬರ್ತದ’ ಎಂಬ ಈ ಮಾತನ್ನು ನಾನು ಔಷಧ ವಿತರಣೆಯ ಕೆಲಸದಲ್ಲಿದ್ದಾಗಲೂ ಕೇಳಿದ್ದೇನೆ, ನಿವೃತ್ತನಾದ ಮೇಲೂ ಕೇಳುತ್ತಿದ್ದೇನೆ. ಹೀಗೆ ಅನುಮಾನ ಪಡುವುದು ತಪ್ಪಲ್ಲ. ಆದರೆ ಅನುಮಾನ ಬಂದ ಮರುದಿನವೇ ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿಬಿಡುವವರನ್ನು ಕಂಡಾಗ ಎದೆ ನಡುಗುತ್ತದೆ.

ವಾರ್ಫರಿನ್, ಅಸೆನೊಕೌಮರಾಲ್‌ನಂತಹ ಮಾತ್ರೆಗಳು ವಿಟಮಿನ್ ‘ಕೆ’ಯ ಕೆಲಸಕ್ಕೆ ಅಡ್ಡ ಬಂದು, ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ಯಕೃತ್ತು ತಯಾರಿಸದಂತೆ ತಡೆಯುತ್ತವೆ. ಇವುಗಳ ಮುಖ್ಯ ಅಪಾಯ ರಕ್ತಸ್ರಾವ. ಕಿವಿನೋವು ಇವುಗಳ ಸಾಮಾನ್ಯ ಅಡ್ಡಪರಿಣಾಮಗಳಲ್ಲಿ ಸೇರಿಲ್ಲ. ಹಾಗೆಂದು ಸಂಬಂಧವೇ ಇಲ್ಲ ಎಂದು ರೋಗಿಯ ಬಾಯಿ ಮುಚ್ಚಿಸುವುದೂ ಸರಿಯಲ್ಲ. ರಕ್ತ ಬೇಕಾದುದಕ್ಕಿಂತ ಹೆಚ್ಚು ತೆಳುವಾದಾಗ, ಅಪರೂಪಕ್ಕೆ ಕಿವಿಯ ತಮಟೆಯ ಹಿಂದೆ ರಕ್ತ ತುಂಬಿಕೊಂಡು ಕಿವಿ ಭಾರವಾಗುವುದು, ನೋಯುವುದು, ಕೇಳಿಸುವುದು ಮಂದವಾಗುವುದು ಉಂಟು. ಆಸ್ಪಿರಿನ್ ವಿಷಯ ಬೇರೆ. ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದರೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಬರುತ್ತದೆ, ಶ್ರವಣ ಕುಗ್ಗುತ್ತದೆ, ಪ್ರಮಾಣ ತಗ್ಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೃದ್ರೋಗಿಗಳಿಗೆ ಕೊಡುವ 75 ಮಿಲಿಗ್ರಾಂನಲ್ಲಿ ಹೀಗಾಗುವುದು ವಿರಳ. ಜನರ ನಂಬಿಕೆಗೆ ಮೂಲ ಇದೇ ಇರಬಹುದೆಂದು ನನ್ನ ಊಹೆ.

ಬಾಲ್ಯದಲ್ಲಿ ಗಂಟಲು ಸೋಂಕಿನ ಬೆನ್ನಿಗೆ ಬಂದ ಸಂಧಿವಾತ ಜ್ವರದಿಂದ ಕವಾಟ ಕೆಟ್ಟು, ಲೋಹದ ಕವಾಟ ಹಾಕಿಸಿಕೊಂಡ ಒಬ್ಬ ಹೆಣ್ಣುಮಗಳು ನಮ್ಮ ನೆರೆಯ ಹಳ್ಳಿಯಲ್ಲಿದ್ದಾಳೆ. ಭತ್ತದ ನಾಟಿಯ ಕೂಲಿಗೆ ಹೋಗುವವಳು. ಕಿವಿನೋವು ಶುರುವಾದಾಗ ಯಾರೋ ಹೇಳಿದ್ದನ್ನು ನಂಬಿ ಗುಳಿಗೆ ಬಿಟ್ಟಿದ್ದಳು. ಜೊತೆಗೆ ಬಳ್ಳೊಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಟ್ಟುಕೊಂಡು, ತಲೆಯ ಪಿನ್ನಿನಿಂದ ಕೆರೆದುಕೊಂಡಿದ್ದಳು. ಸೆರಗಿನ ತುದಿಯಲ್ಲಿ ಎಣ್ಣೆಯ ಕಲೆಯ ಪಕ್ಕದಲ್ಲೇ ರಕ್ತದ ಕಲೆಯೂ ಇತ್ತು. ಕಿವಿ-ಮೂಗು-ಗಂಟಲಿನ ವೈದ್ಯರು ನೋಡಿದಾಗ ಕಿವಿಯ ನಾಳದಲ್ಲಿ ಬೆಳೆದಿದ್ದುದು ಬೂಷ್ಟು. ನೋವಿಗೆ ಕಾರಣ ಅದು, ರಕ್ತಕ್ಕೆ ಕಾರಣ ಪಿನ್ನು. ಅತ್ತ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಿದರೆ ರಕ್ತ ಅಪಾಯವಾಗುವಷ್ಟು ಗಟ್ಟಿಯಾಗಿತ್ತು. ಇನ್ನಷ್ಟು ದಿನ ಹೀಗೇ ಕಳೆದಿದ್ದರೆ ಕವಾಟದ ಮೇಲೆ ಹೆಪ್ಪು ಕಟ್ಟಿ, ಅದರ ತುಣುಕು ಮಿದುಳಿಗೆ ಹೋಗಿ ಲಕ್ವ ಹೊಡೆಯುವ ಸಂಭವವಿತ್ತು.

ಆ ವೈದ್ಯರು ಬೂಷ್ಟಿಗೆ ನುಂಗುವ ಮಾತ್ರೆ ಬರೆಯಲಿಲ್ಲ. ಕಿವಿ ಸ್ವಚ್ಛಗೊಳಿಸಿ ಹನಿ ಔಷಧ ಮಾತ್ರ ಕೊಟ್ಟರು. ಇದನ್ನು ಒತ್ತಿ ಹೇಳಲು ಕಾರಣವಿದೆ. ಬೂಷ್ಟಿನ ರೋಗಕ್ಕೆ ಕೊಡುವ ಫ್ಲುಕೊನಜೋಲ್, ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್ ಮಾತ್ರೆಗಳು ವಾರ್ಫರಿನ್‌ನ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಅಂಗಡಿಗೆ ಹೋಗಿ ‘ಕಿವಿನೋವಿಗೆ ಏನಾದರೂ ಕೊಡಿ’ ಎಂದಾಗ ಸಿಗುವ ಡೈಕ್ಲೊಫೆನಾಕ್, ಐಬುಪ್ರೊಫೇನ್ ಹೊಟ್ಟೆಯೊಳಗೆ ರಕ್ತ ಒಸರುವಂತೆ ಮಾಡಬಲ್ಲವು. ನೋವು ತಡೆಯಲಾಗದಿದ್ದರೆ ವೈದ್ಯರನ್ನು ಕಾಣುವವರೆಗೆ ಪ್ಯಾರಾಸಿಟಮಾಲ್ ಮೇಲು, ಅದೂ ಮಿತವಾಗಿ. ನನ್ನ ಮಟ್ಟಿಗೆ, ಕಿವಿನೋವಿಗಿಂತ ಅದಕ್ಕೆ ನಾವಾಗಿ ಮಾಡಿಕೊಳ್ಳುವ ಮದ್ದೇ ಈ ರೋಗಿಗಳಿಗೆ ದೊಡ್ಡ ಗಂಡಾಂತರ.

ಹುಳುಕು ಹಲ್ಲು, ದವಡೆಯ ಕೀಲು, ಗಂಟಲಿನ ನೋವು ಕಿವಿಗೆ ಹೊಡೆಯುವುದು ಎಲ್ಲರಿಗೂ ತಿಳಿದದ್ದೇ. ಹೃದ್ರೋಗಿಗಳು ಇನ್ನೊಂದನ್ನು ನೆನಪಿಡಬೇಕು: ನಡೆದಾಗ, ಭಾರ ಎತ್ತಿದಾಗ ದವಡೆ-ಕಿವಿಯ ಭಾಗ ಹಿಡಿದಂತಾಗಿ ಕುಳಿತಾಗ ಕಡಿಮೆಯಾದರೆ ಅದು ಹೃದಯದ್ದೇ ನೋವಾಗಿರಬಹುದು. ಕಿವಿಯಿಂದ ರಕ್ತ ಬಂದರೆ, ತಟ್ಟನೆ ಕೇಳಿಸದಂತಾದರೆ, ಕಿವಿನೋವಿನ ಜೊತೆಗೆ ಒಸಡಿನಲ್ಲಿ ರಕ್ತ, ಕೆಂಪು ಮೂತ್ರ, ಟಾರಿನಂತೆ ಕಪ್ಪಾದ ಮಲ, ಮೈಮೇಲೆ ನೀಲಿ ಕಲೆ ಅಥವಾ ತೀವ್ರ ತಲೆನೋವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ ಐಎನ್‌ಆರ್ ನೋಡಿಸಲೇಬೇಕು.

ಔಷಧ ಅಂಗಡಿಗಳವರಲ್ಲಿ ಒಂದು ಕೋರಿಕೆ. ಪಟ್ಟಿಯಿಂದ ನಾಲ್ಕಾರು ಗುಳಿಗೆ ಕತ್ತರಿಸಿ ಕೊಡುವಾಗ ಹೆಸರು, ಶಕ್ತಿ, ಅವಧಿ ಮುದ್ರಿಸಿದ ತುಂಡು ಅಂಗಡಿಯಲ್ಲೇ ಉಳಿದುಬಿಡುತ್ತದೆ. ಕಿವಿನೋವೆಂದು ಬೇರೆ ವೈದ್ಯರ ಬಳಿಗೆ ಹೋದ ರೋಗಿ ‘ಬಿಳೀ ಸಣ್ಣ ಗುಳಿಗಿ’ ಎಂದಷ್ಟೇ ಹೇಳಬಲ್ಲ. ಅಷ್ಟರಲ್ಲಿ ವೈದ್ಯರಿಗಾದರೂ ಏನು ತಿಳಿದೀತು? ಹೆಸರನ್ನು, ‘ರಕ್ತ ತೆಳುಗೊಳಿಸುವ ಮಾತ್ರೆ, ತಾನಾಗಿ ನಿಲ್ಲಿಸಬಾರದು’ ಎಂಬ ಸೂಚನೆಯನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆದು ಕೊಡಲಿ.

ಮಾತ್ರೆಯಿಂದಲೇ ಕಿವಿನೋವು ಬಂದಿದೆ ಎಂಬ ಅನುಮಾನ ಉಳಿದರೆ ಅದನ್ನು ದಾಖಲಿಸುವ ವ್ಯವಸ್ಥೆ ದೇಶದಲ್ಲಿ 2010ರಿಂದಲೇ ಇದೆ. ಗಾಜಿಯಾಬಾದ್‌ನ ಭಾರತೀಯ ಔಷಧಕೋಶ ಆಯೋಗ ನಡೆಸುವ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿ ಅಥವಾ ಮನೆಯವರೇ ಕರೆ ಮಾಡಿ ತಿಳಿಸಬಹುದು. ರುಜುವಾತು ಬೇಕಿಲ್ಲ, ಅನುಮಾನವೇ ಸಾಕು. ಅಪರೂಪದ ಅಡ್ಡಪರಿಣಾಮಗಳು ಬೆಳಕಿಗೆ ಬರುವುದು ಇಂತಹ ವರದಿಗಳು ಒಂದೆಡೆ ಸೇರಿದಾಗಲೇ. ಇದರ ಪ್ರಚಾರ ನಮ್ಮ ಹಳ್ಳಿಗಳಲ್ಲಿ ಏನೇನೂ ಸಾಲದು.

ಎಲ್ಲಕ್ಕಿಂತ ಮುಖ್ಯವಾಗಿ ಬೇಕಿರುವುದು ಐಎನ್‌ಆರ್ ಪರೀಕ್ಷೆ ಹತ್ತಿರದಲ್ಲೇ ಸಿಗುವುದು. ಹೆಚ್ಚಿನವರಲ್ಲಿ ಈ ಅಂಕಿ 2ರಿಂದ 3ರ ನಡುವೆ, ಕೆಲವು ಲೋಹದ ಕವಾಟದವರಲ್ಲಿ 2.5ರಿಂದ 3.5ರ ನಡುವೆ ಇರಬೇಕು. ಅದನ್ನು ಕಾಲಕಾಲಕ್ಕೆ ನೋಡದೆ ಕಿವಿನೋವಿಗೂ ಮಾತ್ರೆಗೂ ಸಂಬಂಧ ಉಂಟೋ ಇಲ್ಲವೋ ಎಂದು ಯಾರೂ ಹೇಳಲಾರರು. ಸಿಂಧನೂರಿನಿಂದ ರಾಯಚೂರು 80 ಕಿ.ಮೀ.ಗೂ ಹೆಚ್ಚು ದೂರ. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಪ್ರತಿ ಬಾರಿ ಹೋಗಿಬನ್ನಿ ಎಂದು ಬಡವರಿಗೆ ಹೇಳುವುದು ಪರೀಕ್ಷೆ ಬಿಟ್ಟುಬಿಡಿ ಎಂದಂತೆಯೇ ಸರಿ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮಾನ್ವಿ, ದೇವದುರ್ಗಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರದ ಎಲ್ಲ ದಿನವೂ ಈ ಪರೀಕ್ಷೆ ನಡೆಸಲಾಗದಿದ್ದರೆ, ಗೊತ್ತುಪಡಿಸಿದ ಒಂದು ದಿನ ಬೆಳಿಗ್ಗೆ ರಕ್ತದ ಮಾದರಿ ತೆಗೆದು, ಅಂದೇ ರಾಯಚೂರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಕಳುಹಿಸಿ, ಫಲಿತಾಂಶವನ್ನೂ ಮಾತ್ರೆಯ ಪ್ರಮಾಣವನ್ನೂ ರೋಗಿಗೆ ಫೋನಿನಲ್ಲಿ ತಿಳಿಸುವ ಏರ್ಪಾಡನ್ನು ಜಿಲ್ಲಾ ಆರೋಗ್ಯ ಇಲಾಖೆ ಕೂಡಲೇ ಮಾಡಬೇಕೆಂದು ಒತ್ತಾಯಿಸುತ್ತೇನೆ.

– ನಿವೃತ್ತ ಫಾರ್ಮಸಿಸ್ಟ್, ಸಿಂಧನೂರು, ರಾಯಚೂರು ಜಿಲ್ಲೆ