ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಕಾರು ಉಳಿಯುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹೊಸದಾಗಿ ಯಾವ ಕಾರು ಬಂತು, ಏರ್‌ಬ್ಯಾಗ್ ಎಷ್ಟು, ಸನ್‌ರೂಫ್ ಇದೆಯಾ ಇಲ್ವಾ, ಎಲ್ಲ ಇರುತ್ತದೆ. ಆದರೆ ಮನೆ ಮುಂದೆ ಕವರ್ ಹೊದ್ದು ಮಲಗಿ ತಿಂಗಳಿಗೊಂದು ಸಲ ಕಣ್ಣು ಬಿಡುವ ಕಾರಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅಂಥ ಕಾರುಗಳು ಕಡಿಮೆಯೇನಿಲ್ಲ. ಯಾವ ಬೀದಿಗೆ ಬೇಕಾದರೂ ಹೋಗಿ ನೋಡಿ, ಒಂದಾದರೂ ಧೂಳು ಹಿಡಿದು ನಿಂತಿರುತ್ತದೆ.

ಇಂಥ ಕಾರಿಗೆ ಎಲ್ಲರೂ ಹೇಳುವ ಔಷಧಿ ಒಂದೇ. "ವಾರಕ್ಕೊಂದು ಸಲ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡಿ, ಏನೂ ಆಗಲ್ಲ." ನಾನೂ ನಂಬಿದ್ದೆ. ಎರಡು ವರ್ಷ ಮಾಡಿದೆ. ಆಮೇಲೆ ಏನೇನಾಯಿತು ಎಂದು ಹೇಳುವುದಕ್ಕೇ ಈ ಪತ್ರ.

ನನ್ನದು ಎಂಟು ವರ್ಷದ ಪೆಟ್ರೋಲ್ ಕಾರು. ಮೀಟರ್‌ನಲ್ಲಿ ಇನ್ನೂ 21,000 ಕಿ.ಮೀ. ಕೂಡ ಆಗಿಲ್ಲ. ಕೆಲಸ ಮನೆಯಿಂದಲೇ, ಹಾಗಾಗಿ ಕಾರಿಗೂ ರಜೆ. ಪ್ರತಿ ಭಾನುವಾರ ಬೆಳಿಗ್ಗೆ ಕವರ್ ತೆಗೆದು ಸ್ಟಾರ್ಟ್ ಮಾಡಿ, ನಿಮ್ಮ ಪೇಪರ್‌ನ ಮೊದಲ ಪುಟ ಓದಿ ಮುಗಿಸುವಷ್ಟು ಹೊತ್ತು ಹಾಗೇ ಬಿಟ್ಟು, ಆಫ್ ಮಾಡಿ ಮತ್ತೆ ಕವರ್ ಹೊದಿಸುತ್ತಿದ್ದೆ. ಕಾರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಅಂತ ಒಳಗೊಳಗೇ ಹೆಮ್ಮೆ ಬೇರೆ.

ಒಂದು ದಿನ ಬೆಳಗಿನ ಜಾವ ಮಗಳನ್ನು ರೈಲಿಗೆ ಬಿಡಬೇಕಿತ್ತು. ಕೀ ತಿರುಗಿಸಿದೆ. ಟಕ್ ಟಕ್ ಟಕ್ ಅಂದಿತು, ಅಷ್ಟೇ. ಡ್ಯಾಶ್‌ಬೋರ್ಡ್ ಲೈಟುಗಳು ಮಂಕಾದವು. ಪಕ್ಕದ ಮನೆಯವರನ್ನು ಎಬ್ಬಿಸಿ, ಅವರ ಕಾರಿನಿಂದ ಕೇಬಲ್ ಎಳೆದು ಹೇಗೋ ಸ್ಟಾರ್ಟ್ ಮಾಡಿದ್ದಾಯಿತು. ಗೇರ್ ಹಾಕಿ ಕ್ಲಚ್ ಬಿಟ್ಟರೆ ಕಾರು ಮುಂದಕ್ಕೇ ಹೋಗುತ್ತಿಲ್ಲ, ಹಿಂದುಗಡೆ ಯಾರೋ ಹಿಡಿದು ಎಳೆಯುತ್ತಿರುವ ಹಾಗೆ. ಹ್ಯಾಂಡ್‌ಬ್ರೇಕ್ ಬಿಟ್ಟಿದ್ದೇನಾ ಅಂತ ಮೂರು ಸಲ ನೋಡಿದೆ. ಬಿಟ್ಟಿತ್ತು. ಇನ್ನೊಂದು ಸಲ ಆಕ್ಸಿಲರೇಟರ್ ಒತ್ತಿದಾಗ ಹಿಂದಿನ ಚಕ್ರದಿಂದ ಢಬ್ ಅಂತ ಸದ್ದು ಬಂದು ಕಾರು ಜಿಗಿಯಿತು. ಮಗಳು, "ಅಪ್ಪ, ನಾನು ಆಟೋದಲ್ಲೇ ಹೋಗ್ತೀನಿ" ಅಂದಳು.

ಮಾರನೆಯ ದಿನ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ, ಎಂಜಿನ್ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು ನನ್ನ ಕೈಗೆ ಕೊಟ್ಟ. ಮುಚ್ಚಳದ ಒಳಗಡೆ ಬೆಳ್ಳಗೆ, ಕೆನೆಯ ಹಾಗೆ ಏನೋ ಮೆತ್ತಿಕೊಂಡಿತ್ತು. ಬೆರಳಲ್ಲಿ ಮುಟ್ಟಿದರೆ ಜಿಡ್ಡು, ಪೆಟ್ರೋಲ್ ವಾಸನೆ.

"ಸರ್, ವಾರ ವಾರ ಸುಮ್ನೆ ಸ್ಟಾರ್ಟ್ ಮಾಡಿ ಆಫ್ ಮಾಡ್ತಿದ್ರಾ?"

"ಹೌದಪ್ಪ, ಒಂದು ವಾರವೂ ತಪ್ಪಿಸಿಲ್ಲ."

"ಅದಕ್ಕೇ ಸರ್."

ಇಂಥ ಬಿಳಿ ಕೆನೆ ಕಂಡರೆ ಮೊದಲು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಒಳಗೆ ಕೂಲೆಂಟ್ ಮತ್ತು ಆಯಿಲ್ ಬೆರೆಯದ ಹಾಗೆ ತಡೆಯುವ ಪದರ, ಹೋಗಿರಬಹುದು ಎಂಬ ಅನುಮಾನ ಬರುತ್ತದೆ. ಅವನು ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಮಟ್ಟ ನೋಡಿದ, ಇಳಿದಿರಲಿಲ್ಲ. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದ, ಕೆಳಗಿನ ಆಯಿಲ್ ಕಪ್ಪಗೇ ಇತ್ತು. ಹಾಗಾದರೆ ಇದು ಬರೀ ತೇವ ಅಂದ. ನೀರು ಎಲ್ಲಿಂದ ಬಂತು ಅಂತ ನನಗೂ ಆಶ್ಚರ್ಯವೇ ಆಯಿತು. ಪೆಟ್ರೋಲ್ ಉರಿದರೆ ನೀರು ಹುಟ್ಟುತ್ತದೆ. ಸ್ವಲ್ಪ ಅಲ್ಲ, ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಆವಿಯಾಗಿ ಬರುತ್ತದೆ. ಎಂಜಿನ್, ಸೈಲೆನ್ಸರ್ ಚೆನ್ನಾಗಿ ಬಿಸಿಯಾಗಿದ್ದರೆ ಆ ಆವಿ ಹೊರಗೆ ಹೋಗಿಬಿಡುತ್ತದೆ. ತಣ್ಣಗಿದ್ದರೆ ಅಲ್ಲೇ ಹನಿಯಾಗಿ ಕೂರುತ್ತದೆ. ಐದು ನಿಮಿಷ ನಿಂತಲ್ಲೇ ಓಡಿಸಿದರೆ ಟೆಂಪರೇಚರ್ ಮುಳ್ಳು ಸ್ವಲ್ಪ ಮೇಲೆ ಬರಬಹುದು, ಆದರೆ ಅದು ತೋರಿಸುವುದು ಕೂಲೆಂಟ್ ಬಿಸಿಯನ್ನು. ಆಯಿಲ್ ಬಿಸಿಯಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಇನ್ನೊಂದು ಏನೆಂದರೆ, ತಣ್ಣಗಿರುವ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಪೂರ್ತಿ ಉರಿಯದ ಸ್ವಲ್ಪ ಪಿಸ್ಟನ್ ಪಕ್ಕದಿಂದ ಇಳಿದು ಆಯಿಲ್‌ಗೆ ಸೇರಿ ಅದನ್ನು ತೆಳ್ಳಗೆ ಮಾಡುತ್ತದೆ. ಹಾಗಾಗಿ ಪ್ರತಿ ಭಾನುವಾರ ನಾನು ಎಂಜಿನ್‌ಗೆ ಸ್ವಲ್ಪ ನೀರು, ಸ್ವಲ್ಪ ಪೆಟ್ರೋಲ್ ಕುಡಿಸಿ ಮಲಗಿಸುತ್ತಿದ್ದೆ ಅಂತಾಯಿತು. ಸೈಲೆನ್ಸರ್ ಕೂಡ ಒಳಗಿನಿಂದ ತುಕ್ಕು ಹಿಡಿದು ಒಂದು ಕಡೆ ತೂತಾಗಿತ್ತು.

ಎಂಜಿನ್ ಹಾಳಾದರೂ ಪರವಾಗಿಲ್ಲ, ಬ್ಯಾಟರಿಯಾದರೂ ಉಳಿಯಬೇಕಿತ್ತಲ್ವಾ? ಅದೂ ಉಳಿಯಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ಕಾರು ಆಫ್ ಆಗಿದ್ದರೂ ಗಡಿಯಾರ, ಅಲಾರಂ, ರಿಮೋಟ್ ಕೀಗೆ ಕಾಯುವ ರಿಸೀವರ್, ಕಂಪ್ಯೂಟರ್‌ನ ನೆನಪು, ಇವೆಲ್ಲ ಚೂರು ಚೂರು ಕರೆಂಟ್ ಎಳೆಯುತ್ತಲೇ ಇರುತ್ತವೆ. 30 ಮಿಲಿಆಂಪ್ ಎಂದುಕೊಳ್ಳೋಣ. ದಿನಕ್ಕೆ 0.72 ಆಂಪ್-ಅವರ್ (ಬ್ಯಾಟರಿಯ ಚಾರ್ಜ್ ಅಳೆಯುವ ಲೆಕ್ಕ), ವಾರಕ್ಕೆ 5. ಇನ್ನು ಭಾನುವಾರದ ಐದು ನಿಮಿಷದಲ್ಲಿ, ಬ್ಯಾಟರಿಗೆ 10 ಆಂಪ್ ವಾಪಸ್ ಹೋಯಿತು ಅಂತ ಧಾರಾಳವಾಗಿ ಹಿಡಿದರೂ, ಸಿಗುವುದು 0.8 ಆಂಪ್-ಅವರ್. ಸೆಲ್ಫ್ ಹೊಡೆಯುವುದಕ್ಕೇ ಅದರಲ್ಲಿ ಸ್ವಲ್ಪ ಹೋಗುತ್ತದೆ. ಐದು ಖರ್ಚು, ಒಂದೂ ಪೂರ್ತಿ ಜಮೆ ಇಲ್ಲ. 45 ಆಂಪ್-ಅವರ್ ಬ್ಯಾಟರಿ ಹೀಗೆ ಎಷ್ಟು ದಿನ ತಡೆದೀತು? ದೂರದ ಪ್ರಯಾಣ ಮಾಡಿದಾಗಲೆಲ್ಲ ಅದು ಚೇತರಿಸಿಕೊಳ್ಳುತ್ತಿತ್ತು, ಅದಕ್ಕೇ ಎರಡು ವರ್ಷ ಎಳೆದಿತ್ತು, ಅಷ್ಟೇ.

ಚಾರ್ಜ್ ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಇನ್ನೊಂದು ಕಾಟ. ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿದಿಟ್ಟುಕೊಳ್ಳುವುದಿಲ್ಲ. ಒಂದು ಸಾದಾ ಮಲ್ಟಿಮೀಟರ್ ಇಟ್ಟುಕೊಳ್ಳಿ. ಕಾರು ಆಫ್ ಮಾಡಿ ಕೆಲವು ಗಂಟೆ ಬಿಟ್ಟು ಬ್ಯಾಟರಿ ಮೇಲೆ ಹಿಡಿದರೆ 12.6 ವೋಲ್ಟ್ ಬಂದರೆ ಹೊಟ್ಟೆ ತುಂಬಿದೆ, 12.2 ಬಂದರೆ ಅರ್ಧ ಖಾಲಿ, 12ಕ್ಕಿಂತ ಕೆಳಗೆ ಬಂದರೆ ಅದು ಉಪವಾಸ ಬಿದ್ದಿದೆ ಅಂತಲೇ ಅರ್ಥ.

ಹಾಗಾದರೆ ಏನು ಮಾಡಬೇಕು? ನನಗೆ ಅರ್ಥವಾಗಿದ್ದು ಇಷ್ಟು. ಕಾರನ್ನು ಒಂದೋ ಸರಿಯಾಗಿ ಓಡಿಸಿ, ಇಲ್ಲವೇ ಸರಿಯಾಗಿ ಮಲಗಿಸಿ. ಮಧ್ಯದ ಈ ಐದು ನಿಮಿಷದ ನಾಟಕ ಬೇಡ.

ಓಡಿಸುವುದು ಎಂದರೆ ವಾರಕ್ಕೊಮ್ಮೆ, ಕನಿಷ್ಠ ಹದಿನೈದು ದಿನಕ್ಕೊಮ್ಮೆ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಟ್ರಾಫಿಕ್‌ನಲ್ಲಿ ತೆವಳುವುದಲ್ಲ, ಖಾಲಿ ರಸ್ತೆ ಸಿಗುವ ಹೊತ್ತು ನೋಡಿಕೊಂಡು ಮೇಲಿನ ಗೇರ್‌ಗಳನ್ನೂ ಮುಟ್ಟುವ ಹಾಗೆ. ಎಸಿ ಹತ್ತು ನಿಮಿಷವಾದರೂ ಹಾಕಿ, ಅದರ ಕಂಪ್ರೆಸರ್ ಸೀಲುಗಳಿಗೆ ಎಣ್ಣೆ ಹೋಗುವುದು ಗ್ಯಾಸ್ ಸುತ್ತಿದಾಗ ಮಾತ್ರ. ಗಟ್ಟಿಯಾಗಿ ನಾಲ್ಕಾರು ಸಲ ಬ್ರೇಕ್ ಹಿಡಿಯಿರಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು. ಡಿಸ್ಕ್ ಮೇಲೆ ಕೂತ ತೆಳ್ಳನೆಯ ತುಕ್ಕು ಅದರಲ್ಲೇ ಉಜ್ಜಿ ಹೋಗುತ್ತದೆ. ಡೀಸೆಲ್ ಕಾರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಇದು ಇನ್ನೂ ಮುಖ್ಯ, ಸೈಲೆನ್ಸರ್ ಚೆನ್ನಾಗಿ ಕಾದರೆ ಮಾತ್ರ ಆ ಮಸಿ ಸುಟ್ಟು ಹೋಗುವುದು.

ಮೊದಮೊದಲು ಎಲ್ಲಿಗೂ ಹೋಗದೆ ಸುಮ್ನೆ ಪೆಟ್ರೋಲ್ ಸುಡುವುದು ದಂಡ ಅನಿಸುತ್ತಿತ್ತು. ಈಗ ವಾರದ ಕೆಲಸಗಳನ್ನೆಲ್ಲ ಒಂದೇ ದಿನಕ್ಕೆ ಕಟ್ಟಿ ಹಾಕಿ, ಸ್ವಲ್ಪ ಸುತ್ತಿನ ದಾರಿ ಹಿಡಿಯುತ್ತೇನೆ. ಇಷ್ಟು ಕಡಿಮೆ ಓಡಿಸುವವನಿಗೆ ಕಾರು ಯಾಕೆ ಬೇಕು ಅಂತ ನೀವು ಕೇಳಬಹುದು. ಮನೆಯಲ್ಲೂ ಕೇಳುತ್ತಾರೆ. ನನ್ನ ಹತ್ತಿರ ಉತ್ತರವಿಲ್ಲ.

ಇನ್ನು ಮಲಗಿಸುವ ವಿಚಾರ. ಎರಡು ಮೂರು ತಿಂಗಳು ಮುಟ್ಟುವುದೇ ಇಲ್ಲ ಎಂದಾದರೆ ಮಧ್ಯೆ ಸ್ಟಾರ್ಟ್ ಮಾಡಲೇಬೇಡಿ. ಬ್ಯಾಟರಿಗೆ ತಾನಾಗಿಯೇ ನಿಯಂತ್ರಿಸಿಕೊಳ್ಳುವ ಚಾರ್ಜರ್ ಸಿಕ್ಕಿಸಿ, ಅದಕ್ಕೆ ಪ್ಲಗ್ ಇಲ್ಲವೆಂದರೆ ಮೈನಸ್ ವೈರ್ ಬಿಚ್ಚಿಡಿ. ಬಿಚ್ಚುವ ಮುಂಚೆ ಮ್ಯಾನ್ಯುಯಲ್ ಒಮ್ಮೆ ನೋಡಿ, ಕೆಲವು ಕಾರುಗಳ ಸ್ಟೀರಿಯೋ ಆಮೇಲೆ ಕೋಡ್ ಕೇಳುತ್ತದೆ. ಡಿಕ್ಕಿಯ ಬೀಗ ಕರೆಂಟಿನಲ್ಲೇ ತೆರೆಯುವುದಾದರೆ ಏನನ್ನೂ ಒಳಗೆ ಮರೆಯಬೇಡಿ. ನಾನು ಮರೆತಿದ್ದೇನೆ.

ಹ್ಯಾಂಡ್‌ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಡುವುದು ನಾನು ಮಾಡಿದ ಎರಡನೇ ತಪ್ಪು. ಕಾರು ತೊಳೆದು, ಒದ್ದೆ ಬ್ರೇಕ್ ಒಣಗುವ ಮುಂಚೆಯೇ ಹ್ಯಾಂಡ್‌ಬ್ರೇಕ್ ಎಳೆದು ಕವರ್ ಹಾಕಿದರೆ ಹಿಂದಿನ ಚಕ್ರದಲ್ಲಿ ಬ್ರೇಕ್ ಲೈನರ್, ತಾನು ಒತ್ತಿ ಹಿಡಿಯುವ ಕಬ್ಬಿಣದ ಡ್ರಮ್‌ಗೆ ಅಂಟಿಕೊಳ್ಳುತ್ತದೆ. ಆ ಢಬ್ ಸದ್ದು ಅದೇ. ತೊಳೆದ ಮೇಲೆ ಒಂದು ಸುತ್ತು ಹೋಗಿ ಬನ್ನಿ, ಬ್ರೇಕ್ ಒಣಗಲಿ. ಸಮತಟ್ಟಾದ ಜಾಗವಾದರೆ ಗೇರಲ್ಲಿ ನಿಲ್ಲಿಸಿ (ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ), ಚಕ್ರಕ್ಕೆ ಹಿಂದೆ ಮುಂದೆ ಕಲ್ಲೋ ಮರದ ತುಂಡೋ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟುಬಿಡಿ. ಇಳಿಜಾರಿನಲ್ಲಿ ಮಾತ್ರ ಈ ಸಾಹಸ ಬೇಡ. ನಾನು ಸ್ಟೀರಿಂಗ್‌ಗೆ ಒಂದು ಚೀಟಿ ಕಟ್ಟುತ್ತೇನೆ: "ಹ್ಯಾಂಡ್‌ಬ್ರೇಕ್ ಇಲ್ಲ, ಗೇರಲ್ಲಿದೆ, ಕಲ್ಲು ತೆಗೆ."

ಟಯರ್ ನಿಂತಲ್ಲೇ ತಿಂಗಳಿಗೆ ಒಂದೆರಡು ಪಿಎಸ್‌ಐ ಗಾಳಿ ಕಳೆದುಕೊಳ್ಳುತ್ತದೆ. ಗಾಳಿ ಕಡಿಮೆಯಾದ ಟಯರ್ ಮೇಲೆ ಕಾರಿನ ಭಾರ ಒಂದೇ ಕಡೆ ಕೂತರೆ ಅಲ್ಲಿ ಚಪ್ಪಟೆಯಾಗುತ್ತದೆ, ಆಮೇಲೆ ಓಡಿಸುವಾಗ ಡಬ್ ಡಬ್ ಅಂತ ಅದುರುತ್ತದೆ. ಬೇಗ ಸರಿಯಾದರೆ ಪುಣ್ಯ. ಆಗಾಗ ಅರ್ಧ ಸುತ್ತಿನಷ್ಟು ಮುಂದಕ್ಕೆ ತಳ್ಳಿ ಬಿಟ್ಟರೂ ಸಾಕು. ಮತ್ತೆ, ಟ್ರೆಡ್ (ಟಯರ್ ಮೇಲಿನ ಗೀರುಗಳು) ಹೊಸದರ ಹಾಗಿದೆ ಅಂತ ಮೋಸ ಹೋಗಬೇಡಿ. ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2317 ಎಂದಿದ್ದರೆ 2017ರ 23ನೇ ವಾರ ತಯಾರಾದದ್ದು. ರಬ್ಬರ್ ಬಿರುಕು ಬಿಡದ ಹಾಗೆ ಕಾಪಾಡುವ ಮೇಣವನ್ನು ಅದರೊಳಗೇ ಬೆರೆಸಿರುತ್ತಾರೆ, ಟಯರ್ ಉರುಳಿ ಬಾಗುತ್ತಿದ್ದರೆ ಅದು ಚೆನ್ನಾಗಿ ಮೇಲಕ್ಕೆ ಬರುತ್ತದೆ. ನಿಂತ ಟಯರ್‌ಗೆ ಆ ಭಾಗ್ಯ ಕಡಿಮೆ. ನನ್ನವು ನೋಡಲು ಚೆನ್ನಾಗಿದ್ದವು, ಬಗ್ಗಿ ಟಾರ್ಚ್ ಬಿಟ್ಟಾಗ ಪಕ್ಕದಲ್ಲಿ ಕೂದಲೆಳೆಯಂಥ ಗೆರೆಗಳು. ನಾಲ್ಕನ್ನೂ ಬದಲಿಸಿದೆ. ಸ್ಟೆಪ್ನಿಯನ್ನು ಮುಟ್ಟಿ ನೋಡಿ ಎಷ್ಟು ದಿನವಾಯಿತು, ಅದನ್ನೂ ನೋಡಿ.

ಪೆಟ್ರೋಲ್ ಕೂಡ ಹಳಸುತ್ತದೆ. ಕೆಲವು ತಿಂಗಳಾದರೆ ಅದರಲ್ಲಿನ ಬೇಗ ಆವಿಯಾಗುವ ಅಂಶ ಹೋಗಿ ಸ್ಟಾರ್ಟಿಂಗ್ ತೊಂದರೆ ಶುರು. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನೂ ಹೀರುತ್ತದೆ. ನಿಲ್ಲಿಸುವ ಮುಂಚೆ ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ಗಾಳಿಗೆ ಜಾಗ ಕಡಿಮೆ, ತೇವವೂ ಕಡಿಮೆ.

ಸರ್ವಿಸ್ ವಿಷಯದಲ್ಲಿ ನಮ್ಮಂಥವರೆಲ್ಲ ಒಂದೇ ಹಾದಿ. "ಎಲ್ಲಿ ಓಡಿದೆ, ಎರಡು ಸಾವಿರ ಕಿಲೋಮೀಟರ್ ಆಗಿಲ್ಲ" ಅಂತ ಮುಂದಕ್ಕೆ ಹಾಕುತ್ತೇವೆ. ಪುಸ್ತಕದಲ್ಲಿ ಕಿಲೋಮೀಟರ್ ಜೊತೆಗೆ ತಿಂಗಳೂ ಬರೆದಿರುತ್ತದೆ, ಯಾವುದು ಮೊದಲೋ ಅದು. ನಮ್ಮ ಕಾರಿಗೆ ಯಾವಾಗಲೂ ತಿಂಗಳೇ ಮೊದಲು. ಬ್ರೇಕ್ ಆಯಿಲ್ ಅಂತೂ ಗಾಳಿಯಿಂದ ನೀರು ಎಳೆದುಕೊಳ್ಳುವ ವಸ್ತು. ಡಾಟ್ 4 ಎಂಬ ದರ್ಜೆಯದು ಹೊಸತಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ನೀರು ಸೇರಿದ ಮೇಲೆ ಆ ಮಿತಿಯೇ 155ಕ್ಕೆ ಇಳಿಯುತ್ತದೆ. ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅನ್ನುವುದು ಇದಕ್ಕೇ.

ಇಲಿ ಕಥೆ ಹೇಳದಿದ್ದರೆ ಪತ್ರ ಮುಗಿಯುವುದಿಲ್ಲ. ಅದೇ ದಿನ ಮೆಕ್ಯಾನಿಕ್ ಏರ್ ಫಿಲ್ಟರ್ ಡಬ್ಬಿ ತೆಗೆದಾಗ ಒಳಗೆ ಅಚ್ಚುಕಟ್ಟಾದ ಗೂಡು. ಒಣ ಎಲೆ, ಥರ್ಮಾಕೋಲ್ ಚೂರು, ಮತ್ತೆ ಒಂದು ಹಳದಿ ಬಟ್ಟೆ. ಆ ಬಟ್ಟೆ ಗುರುತು ಸಿಕ್ಕಿತು, ಕಾರು ಒರೆಸಲು ನಾನೇ ಬಾನೆಟ್ ಮೇಲೆ ಬಿಟ್ಟು ಹೋದದ್ದು, ಕಳೆದುಹೋಯಿತು ಅಂತ ಮನೆಯವರ ಹತ್ತಿರ ರೇಗಾಡಿದ್ದೆ. ಪುಣ್ಯಕ್ಕೆ ವೈರ್ ಕಡಿದಿರಲಿಲ್ಲ. ಈಗ ವಾರಕ್ಕೆರಡು ಸಲ ಬಾನೆಟ್ ಎತ್ತಿ ಬೆಳಕು ಬಿಡುತ್ತೇನೆ. ಕತ್ತಲು ಮತ್ತು ನಿಶ್ಶಬ್ದ ಇದ್ದರೆ ತಾನೇ ಅವು ಸಂಸಾರ ಹೂಡುವುದು. ಒದ್ದೆ ಕಾರಿಗೆ ಕವರ್ ಹಾಕುವುದನ್ನೂ ಬಿಟ್ಟಿದ್ದೇನೆ. ಗಾಳಿ ಆಡದ ಪ್ಲಾಸ್ಟಿಕ್ ಕವರ್ ಒಳಗೆ ತೇವ ಕಟ್ಟಿ ಬಣ್ಣ ಹಾಳಾಗುತ್ತದೆ, ಅದಕ್ಕಿಂತ ಧೂಳೇ ವಾಸಿ.

ಸಂಪಾದಕರೇ, ಹೊಸ ಕಾರಿನ ಫೋಟೋ ಹಾಕಿ, ಬೇಡ ಅನ್ನುವುದಿಲ್ಲ. ತಿಂಗಳಿಗೊಂದು ಸಲ ಅರ್ಧ ಕಾಲಂ ಹಳೆಯ, ನಿಂತ ಕಾರಿಗೂ ಕೊಡಿ. ಬರೆಯುವವರಿಗೆ, "ಐದು ನಿಮಿಷ ಸ್ಟಾರ್ಟ್ ಮಾಡಿಡಿ" ಎಂಬ ಸಾಲನ್ನು ಮಾತ್ರ ಬರೆಯಬೇಡಿ ಅಂತ ಮೊದಲೇ ಹೇಳಿಬಿಡಿ.

ಇಂತಿ,
ನಿಮ್ಮ ಹಳೆಯ ಓದುಗ

ವಿ.ಸೂ.: ಬರೆಯಲು ಮರೆತಿದ್ದೆ. ಬಾಗಿಲು ಹಾಕಿದ ಗ್ಯಾರೇಜಿನೊಳಗೆ ಎಂಜಿನ್ ಓಡಿಸಲೇಬೇಡಿ, ಎರಡು ನಿಮಿಷಕ್ಕೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆ ಸುತ್ತುವ ಹೊತ್ತಿಗೆ ಎದ್ದು ಬಾಗಿಲು ತೆಗೆಯಲೂ ಆಗದೆ ಹೋಗಬಹುದು. ಗ್ಯಾರೇಜಿಗೆ ಮನೆಯೊಳಗಿನಿಂದ ಬಾಗಿಲಿದ್ದರೆ ಅದನ್ನು ಮುಚ್ಚಿ, ಕಾರನ್ನು ಹೊರಗೆ ತಂದು ನಿಲ್ಲಿಸಿ.